ಏರಿಯಾದ ಕಲೆ ನೋಡಲು ನಡೆದೇ ಹೋಗೋಣ: ಮಂಗಳೂರಿನಲ್ಲಿ ಕಲಾ ನಡಿಗೆ ಏರ್ಪಡಿಸುವ ಕ್ರಮ

ಮಂಗಳೂರಿನಲ್ಲಿ ಚಿತ್ರಕಲಾ ಪ್ರದರ್ಶನಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ನೋಡುವವರದ್ದು. ಉದ್ಘಾಟನೆಯ ದಿನ ಜನ ಇರುತ್ತಾರೆ, ದೀಪ ಹಚ್ಚುವ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆಮೇಲೆ ಗ್ಯಾಲರಿಯಲ್ಲಿ ಚಿತ್ರ ಬರೆದವರು ಒಬ್ಬರೇ ಕುರ್ಚಿ ಹಾಕಿ ಕೂತಿರುತ್ತಾರೆ. ಅದೇ ಹೊತ್ತಿಗೆ ಎರಡು ರಸ್ತೆ ಆಚೆ ಇರುವ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳನ್ನು ರಜೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಚಿಂತೆ. ಈ ಎರಡನ್ನೂ ಸೇರಿಸುವುದು ಕಷ್ಟದ ಕೆಲಸ ಅಲ್ಲ. ಬೇಕಾದ್ದು ಒಂದು ಅರ್ಧ ದಿನ, ಹತ್ತು ಹದಿನೈದು ಜನ, ಮೊದಲೇ ಮಾಡಿದ ನಾಲ್ಕು ಫೋನ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ದಿನದಲ್ಲಿ ಎಂಟು ಹತ್ತು ಜಾಗ ತೋರಿಸುವ ಆಸೆ ಬೇಡ. ಮೂರು ಸಾಕು. ಅದರಲ್ಲಿ ಒಂದಾದರೂ ಕೆಲಸ ನಡೆಯುತ್ತಿರುವ ಜಾಗ ಆಗಿರಲಿ. ಮುಗಿದ ವಸ್ತುವನ್ನು ನೋಡುವುದು ಬೇರೆ, ಅದನ್ನು ಮಾಡುವ ಕೈಯನ್ನು ನೋಡುವುದು ಬೇರೆ. ಎರಡನೆಯದನ್ನು ನೋಡಿದವರು ಮುಂದಿನ ಸಲ ಬೆಲೆ ಚೌಕಾಸಿ ಮಾಡುವುದು ಕಡಿಮೆ.

ಮೊದಲು ದಿನ ಗೊತ್ತು ಮಾಡಿ

ನಮ್ಮಲ್ಲಿ ಎಲ್ಲವನ್ನೂ ಮಳೆಯೇ ತೀರ್ಮಾನಿಸುತ್ತದೆ. ನಡಿಗೆಗೆ ನವೆಂಬರ್‌ನಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಸೆಕೆಗೆ ಮಕ್ಕಳೂ ಅಜ್ಜಿಯಂದಿರೂ ಹೈರಾಣಾಗುತ್ತಾರೆ. ಆದರೆ ಮಣ್ಣಿನ ಗಣಪನ ಕೆಲಸ ನೋಡಬೇಕಾದರೆ ಚೌತಿಗೆ ಮೊದಲೇ, ಅಂದರೆ ಮಳೆಗಾಲದಲ್ಲೇ, ಕೊಡೆ ಹಿಡಿದು ಹೋಗಬೇಕು. ಹುಲಿವೇಷದ ಬಣ್ಣಗಾರಿಕೆ ನೋಡಬೇಕಾದರೆ ಮಂಗಳೂರಿನಲ್ಲಿ ನವರಾತ್ರಿ, ಉಡುಪಿಯಲ್ಲಿ ಅಷ್ಟಮಿ-ವಿಟ್ಲಪಿಂಡಿ.

ವಾರದ ಲೆಕ್ಕವೂ ಉಂಟು. ಸೋಮವಾರ ಬೇಡ, ಬಿಜೈ ಮ್ಯೂಸಿಯಂ ಮತ್ತು ಪಿಲಿಕುಳಕ್ಕೆ ಅಂದು ರಜೆ. ಭಾನುವಾರ ಚಾಪೆಲ್‌ನಲ್ಲಿ ಪೂಜೆ ಇರುತ್ತದೆ, ಕುಶಲಕರ್ಮಿಗಳೂ ಕೆಲಸ ನಿಲ್ಲಿಸಿರುತ್ತಾರೆ. ಹಾಗಾಗಿ ಶನಿವಾರ ಬೆಳಿಗ್ಗೆಯೇ ಸರಿ. ಬೇಗ ಹೊರಟು ಊಟದ ಹೊತ್ತಿಗೆ ಮುಗಿಸಿ. ಹಿಂದಿನ ದಿನ ಎಲ್ಲ ಜಾಗಕ್ಕೂ ಇನ್ನೊಮ್ಮೆ ಫೋನ್ ಮಾಡಿ. ಗ್ಯಾಲರಿಗಳಲ್ಲಿ ಒಂದು ಪ್ರದರ್ಶನ ಇಳಿದು ಇನ್ನೊಂದು ಏರುವ ನಡುವೆ ಗೋಡೆ ಖಾಲಿ ಇರುವ ದಿನಗಳೂ ಇರುತ್ತವೆ.

ಜನ ಹದಿನೈದಕ್ಕಿಂತ ಜಾಸ್ತಿ ಆದರೆ ಎರಡು ತಂಡ ಮಾಡಿ. ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ, ಕೇಳುವುದೂ ಇಲ್ಲ. ಅವರು ಮೊಬೈಲ್ ತೆಗೆಯುತ್ತಾರೆ. ಅದು ಅವರ ತಪ್ಪಲ್ಲ.

ಮೊದಲ ನಿಲ್ದಾಣ: ಬಾವುಟಗುಡ್ಡೆಯ ಚಾಪೆಲ್

ಸಂತ ಅಲೋಶಿಯಸ್ ಚಾಪೆಲ್ ಎಲ್ಲ ಮಂಗಳೂರಿಗರಿಗೂ ಗೊತ್ತು. ಹೊರ ಊರಿನ ನೆಂಟರು ಬಂದಾಗ ತೋರಿಸಿರುತ್ತೇವೆ. ನಾವೇ ಸರಿಯಾಗಿ ನೋಡಿರುವುದಿಲ್ಲ. ಆದ್ದರಿಂದ ಇಲ್ಲಿಂದಲೇ ಶುರು ಮಾಡಿ.

ಇಲ್ಲಿನ ಚಿತ್ರಗಳನ್ನು ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೇನಿ. ಯೇಸುಸಭೆಯ ಬ್ರದರ್. 1899ರಿಂದ 1901ರ ತನಕ ಇಲ್ಲಿ ಕೆಲಸ ಮಾಡಿದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆಯ ಮೇಲಿರುವುದು ಹೆಚ್ಚಾಗಿ ಫ್ರೆಸ್ಕೊ. ಮೇಲ್ಛಾವಣಿಯ ದೊಡ್ಡ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಈ ಎರಡರ ವ್ಯತ್ಯಾಸವನ್ನು ಒಳಗೆ ಹೋಗುವ ಮೊದಲೇ ಗುಂಪಿಗೆ ತಿಳಿಸಿ. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವುದು. ನೀರಿನಲ್ಲಿ ಕಲಸಿದ ಬಣ್ಣ ಗಾರೆಯೊಳಗೆ ಇಳಿಯುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಅಂಟು ಬೇಕಾಗಿಲ್ಲ. ಆದರೆ ಗಾರೆ ಒಣಗುವ ಮೊದಲು ಮುಗಿಸಬೇಕು. ಹಾಗಾಗಿ ಒಂದು ದಿನಕ್ಕೆ ಆಗುವಷ್ಟೇ ಜಾಗಕ್ಕೆ ಗಾರೆ ಬಳಿದುಕೊಳ್ಳುತ್ತಾರೆ. ತಪ್ಪಿದರೆ ಒರೆಸಲು ಆಗುವುದಿಲ್ಲ, ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು.

ಒಳಗೆ ಹೋದ ಮೇಲೆ ಯಾರೂ ಮಾತಾಡುವುದು ಬೇಡ. ಬೆಂಚಿನ ಮೇಲೆ ಕೂತು ಐದು ನಿಮಿಷ ಸುಮ್ನೆ ತಲೆ ಎತ್ತಿ ನೋಡಿ. ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಎಲ್ಲಿ ನಿಜವಾಗಿ ಕೆತ್ತಿದ ಅಲಂಕಾರ ಇದೆ, ಎಲ್ಲಿ ಬರೀ ಬಣ್ಣದಲ್ಲಿ ಕೆತ್ತನೆಯ ಹಾಗೆ ಕಾಣಿಸಿದ್ದಾರೆ, ಹುಡುಕಿ. ಅಂಚುಪಟ್ಟಿ, ಹೂಮಾಲೆ, ಚೌಕಟ್ಟು ಎಂದು ನಾವು ಅಂದುಕೊಂಡದ್ದು ಎಷ್ಟೋ ಕಡೆ ಸಪಾಟು ಗೋಡೆ. ನೆರಳು ಯಾವ ಬದಿಗೆ ಬಿದ್ದಿದೆ ಎಂದು ಗಮನಿಸಿದರೆ ಗುಟ್ಟು ಸಿಗುತ್ತದೆ. ಚಿತ್ರಕಾರ ಒಂದು ಕಡೆಯಿಂದ ಬೆಳಕು ಬರುತ್ತಿದೆ ಎಂದು ಇಟ್ಟುಕೊಂಡು ಪ್ರತಿ ಗೆರೆಯ ಕೆಳಗೂ ಅದಕ್ಕೆ ಹೊಂದುವ ನೆರಳು ಕೊಟ್ಟಿದ್ದಾರೆ. ಇದನ್ನು ತಾವೇ ಕಂಡುಹಿಡಿದ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಪಾಠ ಮಾಡುತ್ತಾರೆ.

ನಮ್ಮ ಮಳೆಯ ತೇವ ಈ ಚಿತ್ರಗಳಿಗೆ ಸಾಕಷ್ಟು ತೊಂದರೆ ಕೊಟ್ಟಿದೆ. 1990ರ ದಶಕದಲ್ಲಿ ಪರಂಪರೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಇವನ್ನು ಶುಚಿ ಮಾಡಿ, ದುರಸ್ತಿ ಮಾಡಿದರು. ಆದ್ದರಿಂದ ಗೋಡೆ ಮುಟ್ಟುವುದು ಬೇಡ. ಫೋಟೊ ತೆಗೆಯುವ ಮೊದಲು ಅಲ್ಲಿದ್ದವರನ್ನು ಕೇಳಿ. ಪ್ರಾರ್ಥನೆಗೆ ಬಂದವರು ಇದ್ದರೆ ಅವರಿಗೆ ಮೊದಲ ಜಾಗ.

ದಾರಿಯಲ್ಲಿ: ಹಂಚಿನ ಹೆಸರು

ಬಾವುಟಗುಡ್ಡೆಯಿಂದ ಇಳಿದು ಬಲ್ಲಾಳ್‌ಬಾಗ್ ಕಡೆ ನಡೆಯುವಾಗ ಹಳೆಯ ಮನೆಗಳ ಮಾಡು ನೋಡಿ. ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಆವೆಮಣ್ಣು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಬೇರೆ ಕಾರ್ಖಾನೆಗಳೂ ಬೇಗ ಎದ್ದವು. ಪ್ರತಿಯೊಂದೂ ತನ್ನ ಹೆಸರು, ಗುರುತನ್ನು ಹಂಚಿನಲ್ಲಿ ಅಚ್ಚು ಒತ್ತಿ ಕಳಿಸುತ್ತಿತ್ತು.

ಯಾರದಾದರೂ ಅಂಗಳದ ಮೂಲೆಯಲ್ಲಿ ಇಳಿಸಿಟ್ಟ ಹಳೆ ಹಂಚು ಇದ್ದರೆ ಕೇಳಿ ನೋಡಿ, ಖಂಡಿತ ಕೊಡುತ್ತಾರೆ. ತೆಳು ಕಾಗದವನ್ನು ಹಂಚಿನ ಅಕ್ಷರದ ಮೇಲಿಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಹೆಸರು ಕಾಗದದ ಮೇಲೆ ಮೂಡುತ್ತದೆ. ಒಂದೊಂದು ಮಗುವಿಗೆ ಒಂದೊಂದು ಹಾಳೆ. ಮುಂದೆ ನಿಮ್ಮದೇ ಪ್ರದರ್ಶನ ಮಾಡುವಾಗ ಇವೆಲ್ಲ ಗೋಡೆಗೆ ಏರುತ್ತವೆ, ಹಾಗಾಗಿ ಹಾಳೆಯ ಹಿಂದೆ ಮನೆಯ ರಸ್ತೆ ಮತ್ತು ದಿನಾಂಕ ಬರೆದಿಡಿ.

ಎರಡನೇ ನಿಲ್ದಾಣ: ಗ್ಯಾಲರಿ

ಬಲ್ಲಾಳ್‌ಬಾಗ್‌ನಲ್ಲಿ ಪ್ರಸಾದ್ ಆರ್ಟ್ ಗ್ಯಾಲರಿ ಉಂಟು. ಅಲ್ಲೇ ಆಸುಪಾಸಿನಲ್ಲಿ ಕೊಡಿಯಾಲ್‌ಗುತ್ತು ಕಲೆ ಮತ್ತು ಸಂಸ್ಕೃತಿ ಕೇಂದ್ರ ಇದೆ. ಹಳೆಯ ಗುತ್ತಿನ ಮನೆಯಲ್ಲಿ ಇಂಟ್ಯಾಕ್‌ನ ಮಂಗಳೂರು ವಿಭಾಗ ಪ್ರದರ್ಶನ, ಮಾತುಕತೆ, ಮಕ್ಕಳ ಕಮ್ಮಟಗಳನ್ನು ನಡೆಸುತ್ತದೆ. ಎರಡರಲ್ಲಿ ಯಾವುದರಲ್ಲಿ ಪ್ರದರ್ಶನ ಇದೆಯೋ ಅಲ್ಲಿಗೆ ಹೋಗಿ. ಎರಡರಲ್ಲೂ ಇದ್ದರೆ ಕಲಾವಿದರು ಖುದ್ದು ಇರುವ ಜಾಗವನ್ನು ಆರಿಸಿ.

ಗ್ಯಾಲರಿಗೆ ಹೋಗಲು ಹೆಚ್ಚಿನವರಿಗೆ ಒಂದು ಹಿಂಜರಿಕೆ ಇರುತ್ತದೆ. ಅರ್ಥ ಆಗದಿದ್ದರೆ ಏನು ಹೇಳುವುದು, ಕೊಳ್ಳದೆ ಹೊರಟರೆ ಏನೆಂದುಕೊಳ್ಳುತ್ತಾರೆ ಅಂತ. ಎರಡಕ್ಕೂ ತಲೆಕೆಡಿಸಿಕೊಳ್ಳಬೇಡಿ. ಪ್ರವೇಶ ಸಾಮಾನ್ಯವಾಗಿ ಉಚಿತ. ಬಾಗಿಲಲ್ಲಿ ನಿಂತು ಇಣುಕಿ ಹೋಗುವವರಿಗಿಂತ ಒಳಗೆ ಬಂದು ಕಾಲು ಗಂಟೆ ನಿಂತವರು ಕಲಾವಿದರಿಗೆ ಎಷ್ಟೋ ಮೇಲು.

ಒಮ್ಮೆ ಎಲ್ಲವನ್ನೂ ಬೇಗ ನೋಡಿ ಮುಗಿಸಿ. ಆಮೇಲೆ ನಿಮ್ಮನ್ನು ಎಳೆದ ಒಂದೇ ಒಂದು ಚಿತ್ರದ ಮುಂದೆ ಹೋಗಿ ನಿಲ್ಲಿ. ಹತ್ತಿರದಿಂದ, ದೂರದಿಂದ, ಬದಿಯಿಂದ ನೋಡಿ. ಬದಿಯಿಂದ ನೋಡಿದಾಗ ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಗೊತ್ತಾಗುತ್ತದೆ. ಕಲಾವಿದರ ಹತ್ತಿರ “ಇದರ ಅರ್ಥ ಏನು” ಎಂದು ಕೇಳುವುದಕ್ಕಿಂತ “ಇದರಲ್ಲಿ ಯಾವ ಭಾಗ ನಿಮಗೆ ಕಷ್ಟ ಆಯಿತು” ಎಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ. ಅಭಿಪ್ರಾಯದ ಪುಸ್ತಕದಲ್ಲಿ “ತುಂಬಾ ಚೆನ್ನಾಗಿದೆ” ಎಂದಷ್ಟೇ ಬರೆಯಬೇಡಿ. ಯಾವ ಚಿತ್ರ, ಯಾಕೆ ಎಂದು ಒಂದು ಸಾಲು ಬರೆಯಿರಿ.

ಕೊಳ್ಳುವ ಮನಸ್ಸಿದ್ದರೆ ದೊಡ್ಡ ಕ್ಯಾನ್ವಾಸೇ ಆಗಬೇಕೆಂದಿಲ್ಲ. ಸಣ್ಣ ಜಲವರ್ಣ, ರೇಖಾಚಿತ್ರ, ಮುದ್ರಿತ ಪ್ರತಿ ಇದೆಯೇ ಎಂದು ಕೇಳಿ. ಅಪಾರ್ಟ್‌ಮೆಂಟಿನ ಹತ್ತು ಮನೆ ಸೇರಿ ಲಾಬಿಗೆ ಒಂದು ಒಳ್ಳೆಯ ಚಿತ್ರ ಕೊಂಡರೂ ಆಯಿತು. ಕೊಂಡಾಗ ಕಲಾವಿದರ ಸಹಿ, ವರ್ಷ, ಮಾಧ್ಯಮ ಇರುವ ರಸೀದಿ ತೆಗೆದುಕೊಳ್ಳಿ. ಅದನ್ನು ಚಿತ್ರದ ಹಿಂದೆ ಅಂಟಿಸಬೇಡಿ, ಬೇರೆ ಫೈಲಿನಲ್ಲಿ ಇಡಿ.

ಮೂರನೇ ನಿಲ್ದಾಣ: ಕೆಲಸ ನಡೆಯುವ ಜಾಗ

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಚೌತಿ ಹತ್ತಿರ ಬಂದಾಗ ಮಣ್ಣಗುಡ್ಡೆ, ರಥಬೀದಿ ಕಡೆ ಹೋದರೆ ಮಣ್ಣಿನ ಗಣಪನ ಕೆಲಸ ಜೋರಾಗಿ ನಡೆದಿರುತ್ತದೆ. ಪೂಜೆಯ ಮನೆಯವರೇ ತಮ್ಮ ಮಣೆ ತಂದುಕೊಟ್ಟು, ಅದರ ಮೇಲೆಯೇ ಮೂರ್ತಿ ಮಾಡಿಸಿಕೊಂಡು ಹೋಗುವ ಕ್ರಮ ಕರಾವಳಿಯಲ್ಲಿ ಇನ್ನೂ ಉಂಟು. ಸಾಲಾಗಿ ಇಟ್ಟ ಮಣೆಗಳನ್ನು ನೋಡಿ. ಕೆಲವು ಹೊಸವು. ಕೆಲವು ಅಜ್ಜನ ಕಾಲದವು, ಅಂಚು ಸವೆದಿರುತ್ತದೆ, ಮೇಲೆ ಮನೆತನದ ಹೆಸರು ಬರೆದಿರುತ್ತದೆ. ಹಸಿ ಮೂರ್ತಿಯ ಹೊಟ್ಟೆಯನ್ನು ಒದ್ದೆ ಕೈಯಿಂದ ಸವರಿ ನುಣುಪು ಮಾಡುವುದು, ಸೊಂಡಿಲಿನ ತಿರುವನ್ನು ಬೆರಳ ತುದಿಯಲ್ಲೇ ಎಬ್ಬಿಸುವುದು, ಕಣ್ಣು ಬರೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು, ಇವನ್ನು ನೋಡುತ್ತಾ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮಣ್ಣು ಒಣಗಿಸುವುದೇ ಇವರ ದೊಡ್ಡ ತಲೆನೋವು. ಗಡಿಬಿಡಿಯಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ, ನಿಧಾನ ಆದರೆ ಬಣ್ಣ ಕೂರುವುದಿಲ್ಲ. ಇದನ್ನೇ ಅವರ ಹತ್ತಿರ ಕೇಳಿ, ಸಂತೋಷದಿಂದ ಹೇಳುತ್ತಾರೆ.

ಕೆಲವು ಮರ್ಯಾದೆಗಳನ್ನು ಮರೆಯಬಾರದು. ಹಿಂದಿನ ವಾರವೇ ಒಬ್ಬರು ಹೋಗಿ ಮಾತಾಡಿ ಬನ್ನಿ. ಹಬ್ಬದ ಹಿಂದಿನ ಮೂರು ನಾಲ್ಕು ದಿನ ಹೋಗಲೇಬೇಡಿ. ಚಪ್ಪಲಿ ಹೊರಗೆ ಬಿಡಿ. ಕೆಲಸ ಮಾಡುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಪ್ಪಿಗೆ ಕೇಳಿ. ಅವರ ಅರ್ಧ ಗಂಟೆ ನಿಮಗಾಗಿ ಹೋಗಿದೆ, ಅದಕ್ಕೆ ಏನಾದರೂ ಕೊಡಿ. ದುಡ್ಡು ಕೊಡಲು ಸಂಕೋಚವಾದರೆ ಮುಂದಿನ ವರ್ಷದ ಮೂರ್ತಿಗೆ ಅಲ್ಲೇ ಮುಂಗಡ ಕೊಡಿ.

ನವರಾತ್ರಿಯಲ್ಲಾದರೆ ಹುಲಿವೇಷದ ತಂಡ ಬಣ್ಣ ಹಾಕಿಸಿಕೊಳ್ಳುವ ಜಾಗಕ್ಕೆ ಹೋಗಿ. ತಾಸೆಯ ಸದ್ದಿಗೆ ಕುಣಿಯುವ ಹುಲಿಯನ್ನು ಎಲ್ಲರೂ ನೋಡಿದ್ದಾರೆ. ಹುಲಿ ಆಗುವುದನ್ನು ನೋಡಿದವರು ಕಡಿಮೆ. ಮೊದಲು ಮೈಗೆಲ್ಲ ತಳದ ಬಣ್ಣ. ಅದು ಒಣಗುವ ತನಕ ವೇಷಧಾರಿ ಕೈಗಳನ್ನು ಅಗಲಿಸಿ ಕೋಲಿನ ಆಧಾರಕ್ಕೆ ಹಿಡಿದು ನಿಂತಿರಬೇಕು, ಕೂರುವ ಹಾಗಿಲ್ಲ. ಆಮೇಲೆ ಪಟ್ಟೆ. ಹೊಟ್ಟೆಯ ಮೇಲೆ ಹುಲಿಯ ಮುಖ ಬರೆಯುವ ಕಲಾವಿದನ ಕೈ ನೋಡಿ, ಉಸಿರಾಡುವ, ಅಲ್ಲಾಡುವ ಮೈಮೇಲೆ ಆ ಗೆರೆ ನಡುಗದೆ ಬರುತ್ತದೆ. ಪಟ್ಟೆಹುಲಿ, ಚಿಟ್ಟೆಹುಲಿ, ಕರಿಹುಲಿ ಎಂದು ಬಗೆ ಬೇರೆ ಬೇರೆ. ಊದು (ಧೂಪ) ಹಾಕುವ ಹೊತ್ತು ಅವರಿಗೆ ಪೂಜೆಯ ಹೊತ್ತು, ಆಗ ಬದಿಗೆ ನಿಲ್ಲಿ.

ಹಬ್ಬ ಇಲ್ಲದ ಕಾಲದಲ್ಲಿ ವಾಮಂಜೂರಿನ ಪಿಲಿಕುಳದ ಕುಶಲಕರ್ಮಿ ಗ್ರಾಮಕ್ಕೆ ಹೋಗಬಹುದು. ಕುಂಬಾರಿಕೆ, ಮಗ್ಗ, ಬೆತ್ತ-ಬಿದಿರಿನ ಕೆಲಸಕ್ಕೆಂದೇ ಮಾಡಿದ ಜಾಗ ಅದು.

ಇನ್ನೂ ಒಳ್ಳೆಯದು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ. ಉಡುಪಿ ಸೀರೆ ನೇಯುವ ಕೆಲವೇ ಜಾಗಗಳಲ್ಲಿ ಇದು ಒಂದು. ಹತ್ತಿಯ ಹಗುರ ಸೀರೆ, ನಮ್ಮ ಸೆಕೆಗೆ ಇದಕ್ಕಿಂತ ಹಿತವಾದದ್ದು ಇಲ್ಲ. ನೇಯುವವರ ಸಂಖ್ಯೆ ತೀರಾ ಕಡಿಮೆಯಾಗಿ, ಕದಿಕೆ ಟ್ರಸ್ಟ್‌ನ ಪ್ರಯತ್ನದಿಂದ ಮತ್ತೆ ಮಗ್ಗದ ಸದ್ದು ಕೇಳುವಂತಾಯಿತು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದ ನೂಲಿಗೆ ಬಣ್ಣ ಕೊಡುವುದನ್ನೂ ಅಲ್ಲಿ ಬೆಳೆಸಿದ್ದಾರೆ. ಕೊಳ್ಳುವಾಗ ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕೈಮಗ್ಗದಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಲು ಮುಳ್ಳಿರುವ ಪಟ್ಟಿ ಬಳಸುತ್ತಾರೆ, ಅದರ ಸಣ್ಣ ತೂತುಗಳು ಅಂಚಿನುದ್ದಕ್ಕೂ ಕಾಣುತ್ತವೆ. ಸೆರಗಿನಲ್ಲಿ ಒಡಲಿನ ಹಾಸುನೂಲಿಗೆ (ಉದ್ದದ ನೂಲು) ಅಂಚಿನ ಬಣ್ಣದ ಹೊಕ್ಕುನೂಲು (ಅಡ್ಡ ನೂಲು) ಸೇರಿ ಎರಡೂ ಅಲ್ಲದ ಒಂದು ಛಾಯೆ ಬಂದಿರುತ್ತದೆ. ಅದನ್ನು ನೋಡಿ ಆರಿಸಿ.

ನಿಮ್ಮದೇ ಒಂದು ಪುಟ್ಟ ಪ್ರದರ್ಶನ

ನಡಿಗೆ ಆದ ಮೇಲೆ ಕೈಯಲ್ಲಿ ಹಂಚಿನ ಅಚ್ಚು, ಮಕ್ಕಳ ಚಿತ್ರ, ಯಾರದೋ ಅಜ್ಜಿಯ ಕಸೂತಿ, ಪಕ್ಕದ ಮನೆಯವರು ಹವ್ಯಾಸಕ್ಕೆ ಬರೆದ ಜಲವರ್ಣ, ಇಷ್ಟೆಲ್ಲ ಇರುತ್ತದೆ. ಎರಡು ದಿನದ ಪ್ರದರ್ಶನಕ್ಕೆ ಧಾರಾಳ ಸಾಕು. ಅಪಾರ್ಟ್‌ಮೆಂಟಿನ ಹಾಲ್, ಶಾಲೆಯ ಜಗಲಿ, ಭಜನಾ ಮಂದಿರದ ಸಭಾಂಗಣ, ಯಾವುದಾದರೂ ಆದೀತು. ಬೆಳಕು ಮತ್ತು ಗಾಳಿ ಇರಬೇಕು ಅಷ್ಟೇ.

ಮುರಕಲ್ಲಿನ ಗೋಡೆಗೆ ಮೊಳೆ ಹೊಡೆಯಬೇಡಿ. ಗಾರೆ ಉದುರುತ್ತದೆ, ಮೊಳೆಯೂ ನಿಲ್ಲುವುದಿಲ್ಲ, ಜಾಗ ಕೊಟ್ಟವರಿಗೂ ಬೇಸರ. ಎರಡು ಕಂಬದ ನಡುವೆ ತೆಂಗಿನ ನಾರಿನ ಹಗ್ಗ ಬಿಗಿದು ಬಟ್ಟೆ ಕ್ಲಿಪ್ಪಿನಿಂದ ತೂಗುಹಾಕಿ. ಚೌಕಟ್ಟು ಇರುವುದಕ್ಕೆ ಬಿದಿರಿನ ಗಳು ಕಟ್ಟಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿ ಇರಲಿ. ಮಕ್ಕಳ ಚಿತ್ರದ ಸಾಲು ಅದಕ್ಕಿಂತ ಕೆಳಗೆ. ಎರಡು ಚಿತ್ರದ ನಡುವೆ ಒಂದು ಗೇಣಾದರೂ ಬಿಡಿ. ಎಲ್ಲರದನ್ನೂ ಹಾಕಬೇಕೆಂದು ಗೋಡೆ ತುಂಬಿಸಿದರೆ ಯಾರದ್ದೂ ಕಾಣುವುದಿಲ್ಲ. ಎರಡನೇ ದಿನ ಬದಲಾಯಿಸಿ ಹಾಕಿ, ಯಾರಿಗೂ ಮುನಿಸು ಬರುವುದಿಲ್ಲ.

ಕಾಗದದ ಚಿತ್ರಕ್ಕೆ ನಮ್ಮೂರಿನ ಹವೆ ದೊಡ್ಡ ಶತ್ರು. ಮಳೆ ಬಿದ್ದ ಹೊರಗೋಡೆಗೆ ತಾಗಿಸಿ ಇಟ್ಟರೆ ಕೆಲವೇ ವಾರಗಳಲ್ಲಿ ಬೂಷ್ಟು ಬರುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಗಾಜಿಗೂ ಕಾಗದಕ್ಕೂ ನಡುವೆ ದಪ್ಪ ಮೌಂಟ್ ಬೋರ್ಡ್ ಹಾಕಿಸಿ. ಪ್ರದರ್ಶನ ಮುಗಿದ ಮೇಲೆ ಪ್ಲಾಸ್ಟಿಕ್‌ನಲ್ಲಿ ಗಟ್ಟಿಯಾಗಿ ಸುತ್ತಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆ ಹತ್ತಿ ಸೀರೆಯಲ್ಲಿ ಸುತ್ತಿ ನೆಲದಿಂದ ಎತ್ತರದಲ್ಲಿ ಇಡಿ.

ಚಿತ್ರದ ಕೆಳಗೆ ಸಣ್ಣ ಚೀಟಿ ಇರಲಿ: ಹೆಸರು, ಮಾಧ್ಯಮ, ಮಾರುವುದಾದರೆ ಬೆಲೆ. ಕನ್ನಡದಲ್ಲಿ ಬರೆಯಿರಿ, ಜೊತೆಗೆ ತುಳು, ಕೊಂಕಣಿ, ಬ್ಯಾರಿಯಲ್ಲಿ ಮಕ್ಕಳೇ ಒಂದೊಂದು ಸಾಲು ಸೇರಿಸಿದರೆ ನೋಡಲು ಬಂದ ಹಿರಿಯರು ಅಲ್ಲೇ ನಿಂತು ಓದುತ್ತಾರೆ. ಮೈಕ್ ಇಡುವುದಾದರೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ನಂತರ ಹೇಗೂ ಬಳಸುವ ಹಾಗಿಲ್ಲ. ನನ್ನ ಕೇಳಿದರೆ ಮೈಕೇ ಬೇಡ.

ಗೋಡೆಗೆ ಬಣ್ಣ ಹಚ್ಚುವುದಾದರೆ

ರಾಮಕೃಷ್ಣ ಮಿಷನ್‌ನ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಪೋಸ್ಟರ್ ಅಂಟಿಸಿ ಹಾಳಾದ ಎಷ್ಟೋ ಗೋಡೆಗಳಿಗೆ ಚಿತ್ರ ಬಂತು. ಅದನ್ನು ನೋಡಿದ ಮೇಲೆ ಎಲ್ಲ ವಾರ್ಡಿನವರಿಗೂ ಆಸೆ. ಸರಿ, ಆದರೆ ಲಿಖಿತ ಒಪ್ಪಿಗೆ ಮೊದಲು. ಖಾಸಗಿ ಕಂಪೌಂಡ್ ಆದರೆ ಮಾಲೀಕರದ್ದು, ಸಾರ್ವಜನಿಕ ಗೋಡೆ ಆದರೆ ಮಹಾನಗರ ಪಾಲಿಕೆಯದ್ದು. ಬರೆಯುವ ಚಿತ್ರದ ನಕ್ಷೆಯನ್ನೂ ಜೊತೆಗೆ ಕೊಡಿ, ಆಮೇಲೆ ತಕರಾರು ಬರುವುದಿಲ್ಲ.

ಬಣ್ಣದ ಕೆಲಸ ಡಿಸೆಂಬರ್‌ನಲ್ಲಿ. ಮಳೆ ನಿಂತ ಕೂಡಲೇ ಮಾಡಬೇಡಿ, ಗೋಡೆಯೊಳಗೆ ನೀರು ಇರುತ್ತದೆ. ಪಾಚಿಯನ್ನು ಬ್ರಶ್‌ನಿಂದ ಉಜ್ಜಿ ತೊಳೆದು, ಚೆನ್ನಾಗಿ ಒಣಗಲು ಬಿಡಿ. ಹೊರಗೋಡೆಯ ಪ್ರೈಮರ್ ಒಂದು ಕೋಟ್, ಅದರ ಮೇಲೆ ಹೊರಗೋಡೆಗೆಂದೇ ಇರುವ ಅಕ್ರಿಲಿಕ್ ಎಮಲ್ಶನ್. ಎನಾಮೆಲ್ ಬೇಡ, ಒಳಗಿನ ತೇವ ಹೊರಬರಲು ಜಾಗ ಇಲ್ಲದೆ ಸಿಪ್ಪೆ ಏಳುತ್ತದೆ. ನೆಲದಿಂದ ಮೇಲೆ ಒಂದೂವರೆ ಅಡಿ ಗಾಢ ಬಣ್ಣದ ಪಟ್ಟಿ ಬಿಡಿ. ಮಳೆಯಲ್ಲಿ ಕೆಸರು ಹಾರುವುದು ಅಲ್ಲಿಗೇ. ಹೊಸ ಮುರಕಲ್ಲಿನ ಗೋಡೆಗೆ ಚಿತ್ರ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಕೆಂಪು ಕಲ್ಲೇ ಚೆಂದ.

ಉಡುಪಿಗೆ ಒಂದು ದಿನ

ಮುಂದಿನ ನಡಿಗೆ ಉಡುಪಿಗೆ ಇಟ್ಟುಕೊಳ್ಳಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಟಿಕೆಟ್ ಉಂಟು, ಗೈಡ್ ಜೊತೆಯೇ ಸುತ್ತಬೇಕು, ಹಾಗಾಗಿ ಸಮಯ ಮೊದಲೇ ಕೇಳಿಕೊಳ್ಳಿ. ಮಣಿಪಾಲದಲ್ಲೇ ಹೆಬ್ಬಾರ್ ಗ್ಯಾಲರಿ ಇದೆ. ಹೆಸರಾಂತ ಚಿತ್ರಕಾರ ಕೆ. ಕೆ. ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಅವರ ರೇಖಾಚಿತ್ರ ಸಿಕ್ಕಿದರೆ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಪೆನ್ನು ಎತ್ತಿದ್ದಾರೆ ಎಂದು ಬೆರಳಿನಿಂದ ಗಾಳಿಯಲ್ಲೇ ಹಿಂಬಾಲಿಸಿ.

ಕೆಲಸ ನಡೆಯುವ ಜಾಗಕ್ಕೆ ಬದಲಾಗಿ ಉಡುಪಿಯಲ್ಲಿ ಕಾವಿ ಕಲೆಯ ಕಮ್ಮಟ ಕೇಳಿ ನೋಡಿ. ಗೋವೆಯಿಂದ ನಮ್ಮ ಕರಾವಳಿ ತನಕ ದೇವಸ್ಥಾನ, ಹಳೆ ಮನೆಗಳ ಗೋಡೆಯಲ್ಲಿ ಇದ್ದ ಕೆಂಪು-ಬಿಳಿ ಚಿತ್ರ ಇದು. ಜೀರ್ಣೋದ್ಧಾರದ ಹೆಸರಿನಲ್ಲಿ ಬಹಳಷ್ಟು ಒಡೆದು ಹೋಗಿದೆ. ಉಡುಪಿಯ ಕಲಾವಿದ ಜನಾರ್ದನ ಹಾವಂಜೆ ಇದರ ಅಧ್ಯಯನ ಮಾಡಿ ಕಲಿಸುತ್ತಾ ಬಂದಿದ್ದಾರೆ. ಸುಣ್ಣದ ಗಾರೆಯ ಮೇಲೆ ಕೆಂಪು ಮಣ್ಣಿನ ತೆಳು ಪದರ ಬಳಿದು, ಅದು ಪೂರ್ತಿ ಒಣಗುವ ಮೊದಲು ಚೂಪು ಕಂಟದಿಂದ ಕೆರೆಯುತ್ತಾರೆ. ಒಳಗಿನ ಬಿಳಿ ಹೊರಬರುತ್ತದೆ. ಮಕ್ಕಳು ಮೊದಲು ಕಾಗದದ ಮೇಲೆ ಯಾವುದು ಕೆಂಪು, ಯಾವುದು ಬಿಳಿ ಎಂದು ತೀರ್ಮಾನಿಸಿಕೊಂಡೇ ಕಂಟ ಹಿಡಿಯಬೇಕು, ಕೆರೆದದ್ದನ್ನು ಮತ್ತೆ ತುಂಬಲು ಆಗುವುದಿಲ್ಲ. ಹಳೆ ಬಟ್ಟೆ ಹಾಕಿಸಿಕೊಂಡು ಕರೆದುಕೊಂಡು ಹೋಗಿ. ಆ ಕೆಂಪು ಒಮ್ಮೆ ಹಿಡಿದರೆ ಒಗೆದರೂ ಬಿಡುವುದಿಲ್ಲ.